ಸವಾಲು ಹಾಕೋರಿದ್ದರೆ ಹಾಡು ಬರ್ತದೆ

ಹಾಡು ಬರೆಯೋಕೆ ಮೂಡ್ ಬರಬೇಕು ಅಂತ ನಾವು ಬ್ಲಾಗಿಗರು ಹೇಳ್ತಾನೇ ಇರ್ತೀವಿ. ನಾನೂ ಅದೇ ಜಾತಿ. ಅಪ್ಪ ತೀರಿಕೊಂಡ ಮೇಲೆ ಅವರ ಮೇಲೊಂದು ಹಾಡು ಕಟ್ಟಬೇಕು ಅಂತ ಕೂತು ಒಂದು ವರ್ಷವಾದರೂ ನೋಟ್‌ಬುಕ್ಕಿನಲ್ಲಿ ಇದ್ದದ್ದು ಬರೀ ಪಲ್ಲವಿ...

ನಮ್ಮ ರಾಯಬಾಗ, ಅಥಣಿ ಕಡೆ ಜಾತ್ರೆಯಲ್ಲಿ ರಾತ್ರಿಯಿಡೀ ನಡೆಯೋ ಹರದೇಶಿ-ನಾಗೇಶಿ ಹಾಡಿಕೆ ಕೇಳಿದ್ದೀರಾ? ಹರದೇಶಿಯವರು ಗಂಡು ಹೆಚ್ಚು ಅಂತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಅಂತಾರೆ. ಒಬ್ಬರು ಹಾಡಿನಲ್ಲೇ ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. (ಗಡಿಯಾಚೆ ಮರಾಠಿಯಲ್ಲೂ ಇದೇ ಜಗಳ ಇದೆ, ಕಲಗಿ-ತುರಾ ಅಂತ.) ಅಷ್ಟು ಜನ ಎದುರಿಗೆ ಕೂತಿರುವಾಗ 'ಇವತ್ತು ಮೂಡ್ ಇಲ್ರೀ' ಅಂದರೆ ನಡೀತದಾ? ಹಿಮ್ಮೇಳದವರು 'ಗೀ ಗೀ' ಅಂತ ಎಳೆಯುವಾಗ ಸಿಗೋದೇ ಯೋಚಿಸೋ ಟೈಮು. ಬಾಯಿಪಾಠದ ಸರಕು ಅವರ ಹತ್ತಿರ ಬೇಕಾದಷ್ಟಿರುತ್ತೆ, ನಿಜ. ಆದರೆ ಅದರಲ್ಲಿ ಯಾವುದು ಹೊರಗೆ ಬರಬೇಕು ಅನ್ನೋದನ್ನ ಎದುರಿನವರ ಸವಾಲು ತೀರ್ಮಾನ ಮಾಡ್ತದೆ.

ನನ್ನ ಪ್ರಕಾರ ನಮಗೂ ಸರಕಿನ ಕೊರತೆ ಇಲ್ಲ, ಕೇಳೋರಿಲ್ಲ ಅಷ್ಟೇ.

ಅಕ್ಕನಿಗೆ ಫೋನ್ ಮಾಡಿ 'ಅಪ್ಪನ ಮ್ಯಾಲ ಒಂದ ಸವಾಲ ಹಾಕಕ್ಕಾ' ಅಂದೆ. ಮೊದಲು ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಿಪ್ಪಾಣಿಗೆ ತಂಬಾಕ ಮಾರಾಕ ಹೋಗಿ ಬರಿಗೈಲೆ ಬಂದ ದಿನ ಅಪ್ಪ ಒಳಗ ಬರದ ಕಟ್ಟಿ ಮ್ಯಾಲ ಯಾಕ ಮಲಗಿದ್ದ, ಹೇಳ ನೋಡೂಣು' ಅಂದಳು.

ಅವತ್ತೇ ರಾತ್ರಿ ಮೊದಲ ಚರಣ ಬಂತು. ಈಗ ಎರಡಾಗಿವೆ. ಮೂರನೇ ಸವಾಲಿಗೆ ನಾನೇ ಅಕ್ಕನ ಬೆನ್ನು ಹತ್ತಿದ್ದೀನಿ.