ಬಾಣಂತಿಯ ತಲೆನೋವು

ಹೆರಿಗೆಯಾದ ಹತ್ತು ಹದಿನೈದು ದಿನಗಳಲ್ಲಿ ಬಾಣಂತಿಗೆ ಬಿಡದ ತಲೆನೋವು ಹತ್ತಿಕೊಳ್ಳುತ್ತದೆ, ವಾಂತಿಯಾಗುತ್ತದೆ, ಕೈಕಾಲು ಸೆಟೆದು ಫಿಟ್ಸ್ ಬರುತ್ತದೆ, ಇಲ್ಲವೆ ಮಾತು ತೊದಲುತ್ತದೆ. ಹಳ್ಳಿಯ ಹಿರಿಯರು ಇದನ್ನು ‘ಬಾಣಂತಿ ಸನ್ನಿ’ ಎಂದು ಕರೆದು ಯಂತ್ರ ಕಟ್ಟಿಸಲು ಹೊರಡುತ್ತಾರೆ. ಹೆಸರು ದೊರೆತೊಡನೆ ಕಾರಣವೂ ದೊರೆತಂತೆ ಎಂದು ಭಾವಿಸುವುದು ಮನುಷ್ಯಸ್ವಭಾವ. ಆ ಒಂದು ಹೆಸರಿನಡಿ ಹಲವು ರೋಗಗಳು ಅಡಗಿವೆ. ಅವುಗಳಲ್ಲೊಂದು ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದು.

ಸೂಳೆಕೆರೆಯನ್ನು ಕಂಡ ಚನ್ನಗಿರಿಯವರಿಗೆ ಇದನ್ನು ತಿಳಿಸುವುದು ಸುಲಭ. ಹಳ್ಳ ತುಂಬಿ ಬರುತ್ತಲೇ ಇದ್ದು, ತೂಬೂ ಕೋಡಿಯೂ ಕಟ್ಟಿಕೊಂಡರೆ ನೀರು ಎಲ್ಲಿಗೆ ಹೋಗಬೇಕು? ಏರಿ ಎಲ್ಲಿ ಸಡಿಲವೋ ಅಲ್ಲಿ ಒಸರುತ್ತದೆ. ಮಿದುಳಿಗೆ ಬಂದ ರಕ್ತ ಅಭಿಧಮನಿಗಳ ಮೂಲಕ ಕೊರಳಿಗಿಳಿದು ಹೃದಯಕ್ಕೆ ಮರಳಬೇಕು. ಆ ದಾರಿ ಕಟ್ಟಿದರೆ ಮಿದುಳು ಊದುತ್ತದೆ. ಕೆಲವೊಮ್ಮೆ ಒಳಗೇ ರಕ್ತ ಸೋರುತ್ತದೆ.

ಚಿಕಿತ್ಸೆಯ ಸೋಜಿಗವೂ ಇಲ್ಲಿಯೇ ಇದೆ. ರಕ್ತ ಸೋರಿದ್ದರೂ ವೈದ್ಯರು ಹೆಪ್ಪನ್ನು ತಡೆಯುವ ಹೆಪಾರಿನ್ ಕೊಡುತ್ತಾರೆ! ಸೋರಿಕೆ ಕಟ್ಟಿದ ತೂಬಿನ ಫಲವಾದ್ದರಿಂದ ತೂಬು ಬಿಡಿಸುವುದೇ ಮದ್ದು. ಜರ್ಮನಿಯ ವೈದ್ಯರು 1991ರಲ್ಲಿ ಕೇವಲ 20 ರೋಗಿಗಳ ಪರೀಕ್ಷೆಯಿಂದ ಇದಕ್ಕೆ ಆಧಾರ ಒದಗಿಸಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಡಾ. ಡಿ. ನಾಗರಾಜ ಮತ್ತು ಸಂಗಡಿಗರು ಬಾಣಂತಿಯರಲ್ಲಿಯೇ ಹೆಪಾರಿನ್ನನ್ನು ಪರೀಕ್ಷಿಸಿ 1995ರಲ್ಲಿ ಫಲವನ್ನು ಪ್ರಕಟಿಸಿದರು. ಅನಂತರ ಕೆಲವು ತಿಂಗಳು ಮಾತ್ರೆ ನುಂಗಬೇಕು. ಹಲವು ದೇಶಗಳ 624 ರೋಗಿಗಳ 2004ರ ಲೆಕ್ಕದಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ ಚೆನ್ನಾಗಿ ಚೇತರಿಸಿಕೊಂಡಿದ್ದರು.

ಸಾಮಾನ್ಯ ಸಿ.ಟಿ. ಸ್ಕ್ಯಾನಿನಲ್ಲಿ ದೋಷ ಕಾಣದೆ ಹೋಗುವುದುಂಟು. ಅಭಿಧಮನಿಗಳನ್ನೇ ತೋರಿಸುವ ಎಂ.ಆರ್. ವೀನೋಗ್ರಾಂ ಆದಮೇಲೆಯೇ ಸಂಶಯ ತೀರುವುದು.

ಹೆರಿಗೆಯ ರಕ್ತಸ್ರಾವ ನಿಲ್ಲಲೆಂದು ಪ್ರಕೃತಿಯೇ ಆ ದಿನಗಳಲ್ಲಿ ರಕ್ತಕ್ಕೆ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸಿರುತ್ತದೆ. ಅದರ ಮೇಲೆ ನಾವು ‘ಹೊಟ್ಟೆ ಬರುತ್ತದೆ’ ಎಂದು ನೀರನ್ನೂ ತಡೆದರೆ ರಕ್ತ ಇನ್ನಷ್ಟು ಮಂದವಾಗುತ್ತದೆ. ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿಯೂ ಲೋಟ ಅಳೆದು ನೀರು ಕೊಡುವ ಅತ್ತೆಯರಿದ್ದರೆ ಅದನ್ನು ಪಥ್ಯವೆನ್ನಲು ನನಗೆ ನಾಲಗೆ ಬಾರದು. ಈ ರೋಗ ಬಾಣಂತಿಯರಿಗಷ್ಟೇ ಮೀಸಲೂ ಅಲ್ಲ: ಹೈದರಾಬಾದಿನ ನಿಜಾಮ್ಸ್ ಸಂಸ್ಥೆಯವರ 2012ರ ವರದಿಯ 428 ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗಂಡಸರು.

ಜಗಳೂರು, ಚನ್ನಗಿರಿ, ಹೊನ್ನಾಳಿಯವರು ದಾವಣಗೆರೆಗೂ ನ್ಯಾಮತಿಯವರು ಶಿವಮೊಗ್ಗಕ್ಕೂ ಅಂದೇ ಹೊರಡಬೇಕು. ಯಂತ್ರದವನನ್ನು ಕಾಯುತ್ತ ಕೂರಬಾರದು. ಗುಣವಾದವಳು ಮತ್ತೆ ಬಸುರಿಯಾದಾಗ ಈ ಹಳೆಯ ಸಂಗತಿಯನ್ನು ಮೊದಲ ತಿಂಗಳಲ್ಲೇ ವೈದ್ಯರಿಗೆ ತಿಳಿಸಬೇಕು.