ಹೇಳಿಕೊಳ್ಳಲಾಗದ ಬೇನೆ

ಕಳೆದ ಶ್ರಾವಣದಲ್ಲಿ ನಮ್ಮ ಹಿರಿಯ ಅಕ್ಕನವರು ಬಚ್ಚಲುಮನೆಯ ಹೊಸ್ತಿಲಲ್ಲಿ ಜಾರಿಬಿದ್ದು ಎಡಸೊಂಟದ ಎಲುಬು ಮುರಿದುಕೊಂಡರು. ವೈದ್ಯರು ಹೊಸ ಕೀಲನ್ನು ಜೋಡಿಸಿದರು. ಶಸ್ತ್ರಚಿಕಿತ್ಸೆ ಸಾಂಗವಾಗಿ ನೆರವೇರಿತು. ಆದರೆ ಅದರ ನಾಲ್ಕನೆಯ ದಿನ ಅವರು ಅನ್ನ ಮುಟ್ಟಲಿಲ್ಲ. ಹೊಟ್ಟೆ ಉಬ್ಬಿತ್ತು, ಮಾತು ತಡವರಿಸುತ್ತಿತ್ತು. ನಾವೆಲ್ಲ ಗಾಯದ ಕಡೆಗೇ ನೋಡುತ್ತಿದ್ದೆವು. ಹಿರಿಯ ದಾದಿಯೊಬ್ಬರು ಕೇಳಬೇಕಾದುದನ್ನು ಕೇಳಿದಾಗ ನಿಜ ತಿಳಿಯಿತು: ಬಿದ್ದ ದಿನದಿಂದ ಅವರಿಗೆ ಮಲವಿಸರ್ಜನೆಯೇ ಆಗಿರಲಿಲ್ಲ.

ವೈದ್ಯರು ಪರೀಕ್ಷಿಸಿ, ಕರುಳಿನಲ್ಲಿ ಬೇರೆ ತಡೆಯಿಲ್ಲವೆಂದು ಖಚಿತಪಡಿಸಿಕೊಂಡು ಎನಿಮಾ ಕೊಡಿಸಿದರು. ಹೊಟ್ಟೆ ಹಗುರಾದ ಮೇಲೆ, ಏಕೆ ಹೇಳಲಿಲ್ಲವೆಂದು ಕೇಳಿದೆವು. "ಸೊಸಿ ಕೈಲೆ ಅದನ್ನೆಲ್ಲಾ ಹೆಂಗ ಮಾಡಿಸ್ಕೊಳ್ಳಲೋ ತಮ್ಮಾ? ನೀರ ಕುಡಿಯೂದ ಬಿಟ್ರ ಆ ಮಾತ ಬರಂಗಿಲ್ಲ ಅಂದ್ಕೊಂಡೆ" ಎಂದರು.

ಇನ್ನೊಂದು ಕಾರಣವನ್ನು ಮರುದಿನ ಹೇಳಿದರು. ಮಲಮೂತ್ರದ ಹಾಸಿಗೆಯಲ್ಲಿ ಮಲಗಿ ಇಷ್ಟಲಿಂಗವನ್ನು ಅಂಗೈಗೆ ತೆಗೆದುಕೊಳ್ಳಲು ಅವರಿಗೆ ಮನಸ್ಸಾಗಿರಲಿಲ್ಲ, ಪೂಜೆಯಿಲ್ಲದೆ ಪ್ರಸಾದವಿಲ್ಲ. ಜಾತಿ, ಜನನ, ಮರಣ, ರಜಸ್ಸು, ಎಂಜಲು ಎಂಬ ಪಂಚಸೂತಕಗಳೇ ಲಿಂಗವಂತರಿಗೆ ಇಲ್ಲವೆಂದು ನಾವು ಮಠದಲ್ಲಿ ಬಾಲ್ಯದಲ್ಲೇ ಕಲಿತವರು. ಸೂತಕವೇ ಇಲ್ಲದವರು ರೋಗಿಯ ಹಾಸಿಗೆಗೆ ಹೊಸದೊಂದು ಸೂತಕವನ್ನು ಏಕೆ ಕಲ್ಪಿಸಬೇಕು? ಕೈತೊಳೆಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ವಿಭೂತಿ ಹಚ್ಚಿ, ದಿಂಬಿಗೆ ಒರಗಿಸಿ ಪೂಜೆ ಮಾಡಿಸಿದೆವು. ಅಂದು ಒಂದು ಬಟ್ಟಲು ಅಂಬಲಿ ಕುಡಿದರು.

ಇಂಥ ವಿಷಯ ಮನೆಮಂದಿಯೆಲ್ಲ ಓದುವ ಪತ್ರಿಕೆಗೆ ತಕ್ಕುದೇ ಎಂದು ಕೆಲವರು ಹುಬ್ಬೇರಿಸಬಹುದು. ಏರಿಸಲಿ.

ಸೊಂಟದ ಶಸ್ತ್ರಚಿಕಿತ್ಸೆಯಲ್ಲಿ ಮಲಬದ್ಧತೆಗೆ ಕಾರಣಗಳು ಒಂದರ ಮೇಲೊಂದು ಕೂಡುತ್ತವೆ. ನಡಿಗೆ ನಿಲ್ಲುತ್ತದೆ, ಊಟ ನೀರು ಕಡಿಮೆಯಾಗುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ ಟ್ರಮಡಾಲ್, ಮಾರ್ಫಿನ್‌ನಂಥ, ಅಫೀಮಿನ ವರ್ಗದ ನೋವುನಿವಾರಕಗಳು ಕರುಳಿನ ಚಲನೆಯನ್ನು ಕುಗ್ಗಿಸುತ್ತವೆ. ಅವುಗಳಿಂದಾಗುವ ಮಂಪರು ಕ್ರಮೇಣ ಕಡಿಮೆಯಾಗಬಹುದು. ಮಲಬದ್ಧತೆ ಹಾಗೆ ತಾನಾಗಿ ಹೋಗುವುದು ಅಪರೂಪ. ಮುಂದೆ ಬರೆದುಕೊಡುವ ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳದೂ ಅದೇ ಗುಣ. ಹಾಗೆಂದು ನೋವಿನ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು. ನೋವು ತಗ್ಗದೆ ರೋಗಿ ನಡೆಯಲಾರ, ನಡೆಯದೆ ಕರುಳು ಚುರುಕಾಗದು. ಆ ಗುಳಿಗೆ ಆರಂಭವಾದ ದಿನವೇ ಭೇದಿಯ ಔಷಧವೂ ಬೇಕೇ ಎಂದು ವೈದ್ಯರನ್ನು ಕೇಳಿರಿ. ನಾಲ್ಕು ದಿನ ಕಾಯಬೇಡಿರಿ.

ಸೋನಾಮುಖಿಯ ಗುಳಿಗೆ, ಬಿಸಾಕೊಡಿಲ್ ಇವು ರಾತ್ರಿ ಕೊಟ್ಟರೆ ಸುಮಾರು 6ರಿಂದ 12 ಗಂಟೆಗಳಲ್ಲಿ ಕೆಲಸ ಮಾಡುತ್ತವೆ. ಲ್ಯಾಕ್ಟುಲೋಸ್ ಪಾನಕಕ್ಕೆ ಎರಡು ದಿನವೂ ಬೇಕಾಗಬಹುದು. ಒಂದು ರಾತ್ರಿ ಕಳೆದೊಡನೆ ಪ್ರಮಾಣ ಹೆಚ್ಚಿಸಬಾರದು. ನಮ್ಮ ಮನೆಗಳಲ್ಲಿ ಎಲ್ಲರ ಕೈ ಮೊದಲು ಹೋಗುವುದು ಇಸಬಗೋಲಿನ ಡಬ್ಬಿಗೆ. ಅದು ನೀರು ಹೀರಿ ಉಬ್ಬುವ ವಸ್ತು. ನೀರೇ ಕುಡಿಯದೆ ಮಲಗಿರುವವರಲ್ಲಿ, ನೋವುನಿವಾರಕದಿಂದ ಕರುಳು ಮಂದವಾಗಿರುವಾಗ, ಅದೇ ಗಟ್ಟಿಯಾಗಿ ತಡೆಯಾದೀತು. ಹರಳೆಣ್ಣೆಯನ್ನಂತೂ ಯಾರೂ ಗುಟ್ಟಾಗಿ ಆಸ್ಪತ್ರೆಗೆ ಒಯ್ಯಬಾರದು. ನಮ್ಮ ಚೀಲದಲ್ಲೂ ಒಂದು ಶೀಶೆ ಇತ್ತೆಂಬುದನ್ನು ಮುಚ್ಚಿಡುವುದಿಲ್ಲ. ದಾದಿಯವರು ಅದನ್ನು ಎತ್ತಿಟ್ಟರು.

ವಾಂತಿ, ಹೊಟ್ಟೆಯುಬ್ಬರ, ವಾಯು ಹೋಗದಿರುವುದು ಇವು ಕಂಡರೆ ಯಾವ ಭೇದಿಯ ಔಷಧವನ್ನೂ ಕೊಡದೆ ತಕ್ಷಣ ವೈದ್ಯರಿಗೆ ತಿಳಿಸಬೇಕು. ಕೆಲವೊಮ್ಮೆ ಗಟ್ಟಿ ಮಲದ ಪಕ್ಕದಿಂದ ನೀರಿನಂತೆ ಸೋರುವುದುಂಟು. ಅದನ್ನು ಭೇದಿಯೆಂದು ತಿಳಿದು ನಿಲ್ಲಿಸುವ ಗುಳಿಗೆ ಕೊಟ್ಟರೆ ಕೆಡುಕು ಇಮ್ಮಡಿಯಾಗುತ್ತದೆ.

ಮನೆಗೆ ಬರುವ ಮೊದಲೇ ಎತ್ತರದ ಕಮೋಡು ಕುರ್ಚಿ ಸಿದ್ಧವಿರಲಿ. ಕೀಲು ಬದಲಾಯಿಸಿದವರಿಗೆ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಿಸಬಾರದೆಂದು ವೈದ್ಯರು ಹೇಳುವುದು ಸಾಮಾನ್ಯ. ಕುಕ್ಕರುಗಾಲಿನಲ್ಲಿ ಕೂರುವ ಮಾತೇ ಇಲ್ಲ. ಕಾಲ ಕೆಳಗೆ ಮಣೆ ಇಟ್ಟರೆ ಸಲೀಸು ಎಂಬ ಸಲಹೆ ಉಳಿದವರಿಗೆ ಒಳ್ಳೆಯದು, ಇವರಿಗಲ್ಲ. ಮೊಣಕಾಲು ಸೊಂಟಕ್ಕಿಂತ ಮೇಲೇರುತ್ತದೆ. ಸೊಪ್ಪು, ಪಪ್ಪಾಯಿ, ಧಾರಾಳ ನೀರು ಹಿತ. ಹೃದಯ, ಮೂತ್ರಪಿಂಡದ ತೊಂದರೆಯಿದ್ದವರು ಮಾತ್ರ ನೀರಿನ ಪ್ರಮಾಣವನ್ನು ಕೇಳಿಕೊಳ್ಳಬೇಕು.

ಈಗ ಅಕ್ಕನವರು ಕೋಲೂರಿ ಅಂಗಳದವರೆಗೆ ನಡೆಯುತ್ತಾರೆ. ಮುಂಜಾನೆ ಸೊಸೆ ಬಂದು, "ಅತ್ತೀ, ಇವತ್ತ ಹೊಟ್ಟಿ ಹೆಂಗೈತ್ರಿ?" ಎಂದು ಕೇಳುತ್ತಾಳೆ. ಮೊದಲ ಕೆಲವು ದಿನ ಅವರು ಮುಖ ತಿರುಗಿಸುತ್ತಿದ್ದರು. ಈಗ ಉತ್ತರ ಹೇಳುತ್ತಾರೆ.