ದುಡಿಮೆ ಬಿಟ್ಟವನ ನಾಟಕ

ಫಿಲಿಪ್ ಬ್ಯಾರಿಯ ‘ಹಾಲಿಡೇ’ ನಾಟಕವನ್ನು ಸಿರಿವಂತರ ಮನೆಯ ಹಗುರ ವಿನೋದವೆಂದು ತಳ್ಳಿಹಾಕುವವರುಂಟು. ನಾನದನ್ನು ಒಪ್ಪಲಾರೆ. 1928ರ ನವೆಂಬರಿನಲ್ಲಿ ಅದು ನ್ಯೂಯಾರ್ಕಿನಲ್ಲಿ ರಂಗವೇರಿದಾಗ ಷೇರುಪೇಟೆ ಉಬ್ಬಿ ನಿಂತಿತ್ತು. ಕೊಂಚ ಹಣ ಕೂಡಿದೊಡನೆ ದುಡಿಮೆ ಬಿಟ್ಟು, ಯೌವನದಲ್ಲಿಯೇ ಬಾಳನ್ನರಿಯಲು ಹೊರಡುವ ನಾಯಕನನ್ನು ವಧುವೂ ಅವಳ ತಂದೆಯೂ ಅರಿಯರು. ಅರಿತವಳು ವಧುವಿನ ಸೋದರಿ ಲಿಂಡಾ. ಮರುವರ್ಷವೇ ಪೇಟೆ ಕುಸಿಯಿತು.

ಮೊದಲ ಪ್ರಯೋಗದಲ್ಲಿ ಲಿಂಡಾ ಪಾತ್ರಕ್ಕೆ ಬದಲಿ ನಟಿಯಾಗಿದ್ದ ಕ್ಯಾಥರಿನ್ ಹೆಪ್‌ಬರ್ನ್ 1938ರ ಚಲಚ್ಚಿತ್ರದಲ್ಲಿ ಅದೇ ಪಾತ್ರವನ್ನು ವಹಿಸಿದರು, ಚಿತ್ರ ಸೋತಿತು. ಕೆಲಸವೇ ಸಿಗದ ದಿನಗಳಲ್ಲಿ ಕೆಲಸ ಬಿಡುವವನ ಕಥೆ ಜನಕ್ಕೆ ರುಚಿಸೀತೆ? ಆದರೂ 1995ರಲ್ಲಿ ನಾಟಕ ಮತ್ತೆ ಬ್ರಾಡ್‌ವೇ ಏರಿತು. ಹಣ ಬಾಳಿಗೋ, ಬಾಳು ಹಣಕ್ಕೋ ಎಂಬ ಅದರ ಪ್ರಶ್ನೆ ಉಬ್ಬರಕ್ಕೂ ಇಳಿತಕ್ಕೂ ಮಿಗಿಲಾದುದು.